ಇಪ್ಪತ್ತೊಂದನೇ ಚೀಟಿ

ಬೇಲೂರು ಬಸ್‌ಸ್ಟ್ಯಾಂಡಿನ ಎದುರು, ಲಾಡ್ಜಿನ ಎರಡನೇ ಮಹಡಿ.
ಗೋಡೆಗೆ ನಲವತ್ತು ಚೀಟಿ ಅಂಟಿಸಿದ್ದೇನೆ,
ಹಳದಿ ನಗೆಗೆ, ಕೆಂಪು ಓಟಕ್ಕೆ,
ನೀಲಿ ಕಣ್ಣೀರಿಗೆ. ನೀಲಿ ಮೂರೇ ಇವೆ,
ಹಾಸ್ಯ ಸಾಹಸ ಚಿತ್ರಕ್ಕೆ ಅಷ್ಟು ಸಾಕು ಅಂದಿದ್ದಾರೆ
ಕೊಬ್ಬರಿ ಮಂಡಿಯ ಶಾಂತವೀರಪ್ಪನವರು.
ದುಡ್ಡು ಅವರದು.

ಅರಸೀಕೆರೆಯಿಂದ ದಿನಕ್ಕೆರಡು ಸಲ ಫೋನು:
"ನಮ್ಮ ಕಡೆ ಹೆಂಗಸು ಆಫ್ರಿಕಾಕ್ಕೆ ತಲೆಗೆಣ್ಣೆ ಮಾರಲು ಹೋದಳು,
ಅಷ್ಟು ಹೇಳಿದರೇ ಜನ ನಗುತ್ತಾರೆ ಸ್ವಾಮಿ.
ಆ ಸಂಸ್ಕೃತಿಗೂ ಈ ಸಂಸ್ಕೃತಿಗೂ ಡಿಕ್ಕಿ ಆಗಬೇಕು,
ಲಾರಿಗೆ ಟೆಂಪೋ ಹೊಡೆದ ಹಾಗೆ.
ಆಮೇಲೆ ದಾರಿ ತಪ್ಪಿಸಿ.
ಇಂಟರ್ವಲ್ಲಿಗೆ ಒಂದು ಮೊಸಳೆ ಇಡಿ."

ಇಟ್ಟಿದ್ದೆ. ಇಪ್ಪತ್ತೊಂದನೇ ಚೀಟಿ, ಕೆಂಪು: ಮೊಸಳೆ.

ಇವತ್ತು ಅಂಗಡಿಹಳ್ಳಿಯಿಂದ ಅವಳೇ ಬಂದಳು,
ಹಕ್ಕಿಪಿಕ್ಕಿ ಕಾಲೋನಿಯ ಜಂಕ್ಷನ್.
ಅರಸೀಕೆರೆ ಸ್ಟೇಷನ್ನಿನಲ್ಲಿ ಹುಟ್ಟಿದ್ದಕ್ಕೆ ಆ ಹೆಸರು,
ಆಧಾರ್ ಕಾರ್ಡಿನಲ್ಲೂ ಅದೇ.
ನಾಲ್ಕು ಸಲ ಗ್ಯಾಬೊನ್, ಎರಡು ಸಲ ಕ್ಯಾಮರೂನ್.
ನಾನು ಚಾರ್ಮಾಡಿ ಇಳಿದದ್ದು ಒಂದೇ ಸಲ,
ಧರ್ಮಸ್ಥಳಕ್ಕೆ, ದಾರಿಯುದ್ದ ವಾಂತಿ ಮಾಡಿಕೊಂಡು.

"ಮೊದಲಿಂದ ಹೇಳಮ್ಮ" ಅಂದೆ.
"ಮೊದಲಾ? ವಾಪಸು ಬಂದಾಗ ನಾಯಿ ಗುರುತು ಹಿಡೀಲಿಲ್ಲ."
"ಅದು ಕೊನೆಗೆ ಬರಬೇಕು."
"ಬಾಗಿಲಲ್ಲೇ ಇತ್ತಲ್ಲ ಸಾರ್, ಮೊದಲು ಸಿಕ್ಕಿದ್ದು ಅದೇ."

ಭಾಷೆ ಬರದೆ ಪೇಚಾಡಿದ್ದು?
ಕೇಳಿದೆ, ಹಳದಿ ಚೀಟಿ ಐದು ಹಿಡಿದು.
ಮನೆಯಲ್ಲಿ ವಾಗ್ರಿ, ಸಂತೆಯಲ್ಲಿ ಕನ್ನಡ,
ಮೈಸೂರಲ್ಲಿ ಉರ್ದು, ಸೇಲಮ್ಮಿನಲ್ಲಿ ತಮಿಳು,
ಅಲ್ಲಿಯ ಫ್ರೆಂಚು ಮೂರು ವಾರಕ್ಕೆ ಬಂತಂತೆ,
ಲೆಕ್ಕ ಮೊದಲು, ಬೈಗುಳ ಆಮೇಲೆ.
"ಇಲ್ಲಿ ಬ್ಯಾಂಕಲ್ಲಿ ಮಾತ್ರ
ನಾ ಏನಂದ್ರೂ ಅವರಿಗೆ ಅರ್ಥ ಆಗಲ್ಲ."
ಐದೂ ಚೀಟಿ ಜೇಬಿಗೆ ಹಾಕಿಕೊಂಡೆ.

ವಿಲನ್ನು?
ಏರ್‌ಪೋರ್ಟಿನಲ್ಲಿ ಒಬ್ಬ ದಢೂತಿ ಸಾಹೇಬ
ಇಪ್ಪತ್ತು ಬಾಟ್ಲಿ ಬಿಚ್ಚಿಸಿ ಒಂದೊಂದೇ ಮೂಸಿದ.
(ಪೆನ್ನು ತೆರೆದೆ.)
ಅವನ ಹೆಂಡತಿಗೆ ಕೂದಲುದುರುತ್ತಿತ್ತು.
ನಾದಿನಿ ಗ್ಲೂಕೋಸ್ ಅವನ ಮನೆಗೇ ಹೋಗಿ
ತಲೆ ತಿಕ್ಕಿ, ಮೀನುಸಾರು ಉಂಡು ಬಂದಳು.
(ಮುಚ್ಚಿದೆ.)

"ಹಾಗಾದ್ರೆ ದಾರಿಯೇ ತಪ್ಪಲಿಲ್ವಾ?"
ಬಹಳ ಹೊತ್ತು ಯೋಚಿಸಿದಳು.
ಫ್ಯಾನಿನ ಗಾಳಿಗೆ ಗೋಡೆಯೆಲ್ಲ ಪಟಪಟ.
"ತಪ್ಪಿದ್ವಿ. ಬೆಂಗಳೂರಲ್ಲಿ. ಪಾಸ್‌ಪೋರ್ಟ್ ಆಫೀಸು ಹುಡುಕ್ತಾ.
ಮೂರು ದಿನ.
ಹೆಸರು ಜಂಕ್ಷನ್ ಅಂದ್ರೆ ಆ ಹುಡುಗ ನಕ್ಕ,
ಪಕ್ಕದವರನ್ನ ಕರೆದ, ಅವರೂ ನಕ್ಕರು,
'ಊರಲ್ಲಮ್ಮ, ಹೆಸರು ಹೇಳು' ಅಂದ.
ನಾನೂ ನಕ್ಕೆ. ಅರ್ಜಿ ಅವನ ಕೈಲಿತ್ತಲ್ಲ."

ಇದಕ್ಕೆ ಯಾವ ಬಣ್ಣ?
ಹಳದಿ ಎತ್ತಿಕೊಂಡೆ, ಇಟ್ಟೆ. ನೀಲಿ ಎತ್ತಿಕೊಂಡೆ.
ಜನ ನಗುತ್ತಾರೆ ಸ್ವಾಮಿ, ಅಂದಿದ್ದರಲ್ಲ ಮಂಡಿಯವರು.
ಮೊನ್ನೆ ಅವಳ ಹೆಸರು ಮೊದಲು ಕೇಳಿದಾಗ
ಫೋನಿನ ಈ ತುದಿಯಲ್ಲಿ ನಾನೂ...

ಏನೂ ಬರೆಯದೆ ಅಂಟಿಸಿದೆ.

ಅವಳು ಎದ್ದು ಗೋಡೆಯ ಹತ್ತಿರ ಹೋದಳು.
ಕನ್ನಡಕ ಮರೆತು ಬಂದಿದ್ದಳು, ಬೆರಳಿಟ್ಟು ಕೇಳಿದಳು: ಇದು? ಇದು?
"ಇದು ಮೊಸಳೆ."
"ಯಾರದು?"
"ಕಥೇದು. ನಿನ್ನ ಅಟ್ಟಿಸಿಕೊಂಡು ಬರುತ್ತೆ."
"ಹಿಡೀತದಾ?"
"ಇಲ್ಲ. ಇಂಟರ್ವಲ್ ಆಗುತ್ತೆ."
ಆಗ ನಕ್ಕಳು ನೋಡಿ,
ಲಾಡ್ಜಿನ ಹುಡುಗ ಬಾಗಿಲಿಗೆ ಬಂದು ನಿಲ್ಲುವಷ್ಟು.
ಮೊಸಳೆ ಕಿತ್ತು, ಮಡಿಸಿ, ಎಲೆಯಡಿಕೆ ಚೀಲಕ್ಕೆ ಸೇರಿಸಿ
"ಮೊಮ್ಮಗನಿಗೆ" ಅಂದಳು.

ಇಪ್ಪತ್ತರ ನಂತರ ಈಗ ಇಪ್ಪತ್ತೆರಡು.
ನಡುವೆ ಲಾಡ್ಜಿನ ಹಸಿರು ಸುಣ್ಣ ಕಾಣುತ್ತದೆ.

ಹೋಗುವ ಮುನ್ನ ನನ್ನ ನೆತ್ತಿ ನೋಡಿದಳು,
ವ್ಯಾಪಾರದವರು ನೋಡುವ ಹಾಗೆ, ಮರುಕವಿಲ್ಲದೆ.
"ಮೂರು ತಿಂಗಳು ಹಚ್ಚಿ."
ಸಾವಿರದೈನೂರು ಹೇಳಿದಳು, ಒಂಬೈನೂರಕ್ಕೆ ಕೊಟ್ಟಳು.
ಖರ್ಚಿನ ಪುಸ್ತಕದಲ್ಲಿ ಬರೆದಿದ್ದೇನೆ:
ಕಥಾ ಚರ್ಚೆ, ರೂ. ೯೦೦.

ಫೋನು ಹೊಡೆದುಕೊಳ್ಳುತ್ತಿದೆ. ಅರಸೀಕೆರೆ.
ಕೈಯೆಲ್ಲ ಎಣ್ಣೆ, ಜಾರುತ್ತದೆ.